ಕಣ್ಣಿಗೊಂದು, ಯಂತ್ರಕ್ಕೊಂದು

ಜನವರಿ ತಿಂಗಳ ಒಂದು ಶುಕ್ರವಾರದ ಸಂಜೆ. ಮೂಡಿಗೆರೆಗೆ ನಾಲ್ಕಾರು ಮೈಲಿ ದೂರದ ಕಾಫಿ ತೋಟವೊಂದರ ಹೆಂಚಿನ ಮನೆಯನ್ನು ಓದುಗರು ಊಹಿಸಿಕೊಳ್ಳಬೇಕು. ಹಣ್ಣಿನ ಕುಯಿಲು ಭರದಿಂದ ನಡೆದಿದೆ. ಕಣದಲ್ಲಿ ಹರಡಿದ್ದ ಕಾಫಿಯನ್ನು ಇಬ್ಬನಿಗೆ ನೆನೆಯದಂತೆ ರಾಶಿಮಾಡಿ ಟಾರ್ಪಾಲು ಹೊದಿಸಿದ್ದಾಗಿದೆ. ಮರುದಿನ ಬಟವಾಡೆ, ರೈಟರು ವಾರದ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋಗಿದ್ದಾರೆ. ಎಪ್ಪತ್ತನ್ನು ದಾಟಿದ ಯಜಮಾನರು ಜಗಲಿಯ ಕುರ್ಚಿಯಲ್ಲಿ ಕುಳಿತು ಕನ್ನಡಕವನ್ನು ಒರೆಸಿಕೊಳ್ಳುತ್ತಿರುವಾಗ ಅವರ ಮೊಬೈಲು ಸದ್ದು ಮಾಡುತ್ತದೆ. ಅವರ ಬ್ಯಾಂಕ್ ಖಾತೆ ಆ ರಾತ್ರಿಯೇ ಸ್ಥಗಿತಗೊಳ್ಳಲಿದೆಯೆಂದೂ, ಹಣ ತೆಗೆಯಲು ಅಡಚಣೆಯಾಗಬಾರದೆಂದಿದ್ದರೆ ಕೂಡಲೇ ಕೆಳಗಿನ ಕೊಂಡಿಯನ್ನು ಒತ್ತಿ ವಿವರಗಳನ್ನು ತುಂಬಬೇಕೆಂದೂ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದಿದೆ.

ಇಂಗ್ಲಿಷಿನಲ್ಲಿ ಬಂದಿದ್ದರೆ ಅವರು ಮಗನಿಗೆ ಫೋನು ಮಾಡಿ ವಿಚಾರಿಸುತ್ತಿದ್ದರೇನೋ. ಕನ್ನಡದ ಅಕ್ಷರಗಳನ್ನು ಕಂಡಾಗ ಅನುಮಾನಕ್ಕಿಂತ ಮೊದಲು ನಂಬಿಕೆಯೇ ಹುಟ್ಟುತ್ತದೆ. ನಾಳೆ ಬೆಳಗ್ಗೆ ನಲವತ್ತು ಆಳುಗಳು ಕೂಲಿಗಾಗಿ ಬಂದು ನಿಲ್ಲುತ್ತಾರೆ. ಖಾತೆಯೇ ನಿಂತುಹೋದರೆ ಅವರ ಮುಖ ನೋಡುವುದು ಹೇಗೆ? ಯಜಮಾನರ ಹೆಬ್ಬೆರಳು ಕೊಂಡಿಯ ಮೇಲೆ ಸುಳಿದಾಡುತ್ತದೆ.

ಅವರನ್ನು ಒಂದು ಗಳಿಗೆ ಅಲ್ಲಿಯೇ ಬಿಟ್ಟು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಇಂಥ ಮೋಸದ ಸಂದೇಶಗಳನ್ನು ಸೋಸುವುದಕ್ಕೆಂದೇ ಮೊಬೈಲಿನೊಳಗೂ ಅಂಚೆಯ ಗಣಕಯಂತ್ರಗಳೊಳಗೂ ಜರಡಿಗಳಿವೆ. ಜರಡಿಯಿದ್ದೂ ಈ ಸಂದೇಶ ನುಸುಳಿ ಬಂದದ್ದು ಹೇಗೆ?

ಯಜಮಾನರ ಕಣ್ಣು ಓದಿದ್ದನ್ನು ಯಂತ್ರ ಓದಲೇ ಇಲ್ಲವೆಂಬುದು ಉತ್ತರ. ಗಣಕಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತಾಗಿದೆ. ಕನ್ನಡದ ಅನುಸ್ವಾರಕ್ಕೆ, ಎಂದರೆ ಅಕ್ಷರದ ಪಕ್ಕದ ಸೊನ್ನೆಗೆ, 3202. ಕನ್ನಡ ಅಂಕಿಗಳಲ್ಲಿ ಬರುವ ಸೊನ್ನೆಗೆ 3302. ಈಗ ಓದುಗರು ಈ ಎರಡು ಪದಗಳನ್ನು ನೋಡಬೇಕು: ಬ್ಯಾಂಕ್, ಬ್ಯಾ೦ಕ್. ಮೊದಲನೆಯದರಲ್ಲಿರುವುದು ಅನುಸ್ವಾರ; ಎರಡನೆಯದರಲ್ಲಿರುವುದು ಅಂಕಿಯ ಸೊನ್ನೆ. ಸೂಕ್ಷ್ಮವಾಗಿ ದಿಟ್ಟಿಸಿದವರಿಗೆ ಗಾತ್ರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಾಣಬಹುದು, ಕಾಣದಿರಲೂಬಹುದು. ಯಂತ್ರಕ್ಕಾದರೋ ಅವೆರಡೂ ಸಂಬಂಧವೇ ಇಲ್ಲದ ಪದಗಳು. ‘ಬ್ಯಾಂಕ್’ ಎಂಬ ಪದ ಕಂಡೊಡನೆ ಎಚ್ಚರಗೊಳ್ಳೆಂದು ಜರಡಿಗೆ ಹೇಳಿಟ್ಟಿದ್ದರೆ, ಎರಡನೆಯದು ಅದರ ಕಣ್ಣೆದುರಿನಲ್ಲೇ ನಿರಾತಂಕವಾಗಿ ಹಾದುಹೋಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಹಳೆಯ ಬೇರಿನಿಂದ ಕವಲೊಡೆದವು. ತಲೆಕಟ್ಟಿನಲ್ಲಿ ಭೇದವಿರುವ ಅಕ್ಷರಗಳನ್ನು ಬಿಟ್ಟರೆ ಅ, ಜ, ಟ, ಣ, ಬ, ಲ ಮುಂತಾದ ಹಲವು ಅಕ್ಷರಗಳಿಗೆ ಎರಡೂ ಲಿಪಿಗಳಲ್ಲಿ ಹೆಚ್ಚುಕಡಮೆ ಒಂದೇ ರೂಪ. ಯೂನಿಕೋಡ್ ಪಟ್ಟಿಯಲ್ಲಿ ಮಾತ್ರ ಕನ್ನಡದ ಅಕ್ಷರಕ್ಕೂ ಅದರ ತೆಲುಗು ಸೋದರನಿಗೂ 128 ಸ್ಥಾನಗಳ ಅಂತರ. ಕನ್ನಡದ ‘ಣ’ 3235ನೆಯದು, ತೆಲುಗಿನದು 3107ನೆಯದು. ‘ಹಣ’ ಎಂಬ ಪದದಲ್ಲಿ ಎರಡನೆಯ ಅಕ್ಷರವನ್ನು ತೆಲುಗಿನಿಂದ ಕಡ ತಂದರೆ ಓದುವವರಿಗೆ ಅದು ಹಣವೇ. ಯಂತ್ರಕ್ಕೆ ಅದು ಅರ್ಥವಿಲ್ಲದ ಗೊಣಗು. ‘ಸಾಲ’ದ ‘ಲ’ಕಾರದ ಗತಿಯೂ ಇದೇ. ಎರಡು ಭಾಷೆಗಳ ಹಳೆಯ ಬಾಂಧವ್ಯವನ್ನು ವಂಚಕನೊಬ್ಬ ಹೀಗೂ ಬಳಸಿಕೊಳ್ಳಬಹುದೆಂದು ಯಾವ ಲಿಪಿಶಾಸ್ತ್ರಜ್ಞನೂ ಎಣಿಸಿರಲಿಕ್ಕಿಲ್ಲ.

ಪಶ್ಚಿಮದಲ್ಲಿ ಈ ವಿದ್ಯೆ ಹಳೆಯದು. 2002ರಲ್ಲಿ ಗೆಬ್ರಿಲೊವಿಚ್ ಮತ್ತು ಗೊಂಟ್ಮಾಖರ್ ಎಂಬ ಇಸ್ರೇಲಿನ ಇಬ್ಬರು, ಮೈಕ್ರೋಸಾಫ್ಟ್ ಕಂಪನಿಯ ಜಾಲತಾಣದ ಹೆಸರಿನಲ್ಲಿ ಎರಡು ರೋಮನ್ ಅಕ್ಷರಗಳ ಬದಲಿಗೆ ರಷ್ಯನ್ ಲಿಪಿಯ ಅಕ್ಷರಗಳನ್ನಿಟ್ಟು, ಕಣ್ಣಿಗೆ ಒಂದೇ ಆದರೂ ಯಂತ್ರಕ್ಕೆ ಬೇರೆಯಾದ ಹೆಸರನ್ನು ನೋಂದಾಯಿಸಿ ತೋರಿಸಿದರು. ಅವರ ಉದ್ದೇಶ ಎಚ್ಚರಿಕೆ ಕೊಡುವುದಾಗಿತ್ತು. 2017ರಲ್ಲಿ ಮತ್ತೊಬ್ಬ ಸಂಶೋಧಕ ಆಪಲ್ ಕಂಪನಿಯ ಹೆಸರನ್ನು ಪೂರ್ತಿಯಾಗಿ ರಷ್ಯನ್ ಲಿಪಿಯಲ್ಲೇ ಕಟ್ಟಿ, ಹದಿನೈದು ವರ್ಷಗಳಾದರೂ ಬಾಗಿಲು ತೆರೆದೇ ಇದೆಯೆಂದು ತೋರಿಸಬೇಕಾಯಿತು.

ಜರಡಿಯ ಕಥೆಯೂ ಸ್ವಾರಸ್ಯವಾಗಿದೆ. 1998ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಹದಿನೆಂಟನೆಯ ಶತಮಾನದ ಪಾದ್ರಿ ಥಾಮಸ್ ಬೇಯ್ಸ್‌ನ ಸಂಭವನೀಯತೆಯ ಸೂತ್ರವನ್ನು ವಿದ್ಯುನ್ಮಾನ ಅಂಚೆಗೆ ಅನ್ವಯಿಸಿದರು. ಯಾವ ಪದಗಳು ಮೋಸದ ಓಲೆಗಳಲ್ಲಿ ಹೆಚ್ಚು, ಯಾವುವು ಸಾಚಾ ಓಲೆಗಳಲ್ಲಿ ಹೆಚ್ಚು ಎಂದು ಯಂತ್ರವೇ ಎಣಿಸಿ ಕಲಿಯುವ ಕ್ರಮ ಅದು. ಕೆಲವು ವರ್ಷ ಚೆನ್ನಾಗಿ ನಡೆಯಿತು. ಪದಗಳನ್ನು ನೋಡಿ ಹಿಡಿಯುತ್ತಾರೆಂದು ತಿಳಿದ ಕೂಡಲೆ ಎದುರು ಪಕ್ಷದವರು ಪದಗಳನ್ನು ವಿಕಾರಗೊಳಿಸಿದರು. ಅಕ್ಷರಗಳ ನಡುವೆ ಚುಕ್ಕಿ ಇಟ್ಟರು. ಅಕ್ಷರದ ಜಾಗದಲ್ಲಿ ಅದನ್ನೇ ಹೋಲುವ ಅಂಕಿಯನ್ನು ಕೂರಿಸಿದರು. 2006ರ ಸುಮಾರಿಗೆ ಬರಹವನ್ನೇ ಕೈಬಿಟ್ಟು, ಜಾಹೀರಾತನ್ನು ಚಿತ್ರವಾಗಿ ಮುದ್ರಿಸಿ ಕಳುಹಿಸತೊಡಗಿದರು. ಚಿತ್ರದಲ್ಲಿರುವ ಅಕ್ಷರ ಯಂತ್ರಕ್ಕೆ ಕಾಣದು. ಜರಡಿಯವರು ಚಿತ್ರದಿಂದ ಅಕ್ಷರ ಓದುವ ಯಂತ್ರವನ್ನು ತಂದರು. ಇವರು ಚಿತ್ರಕ್ಕೆ ಗೀರು, ಮಚ್ಚೆ, ಅಲೆಗಳನ್ನು ಸೇರಿಸಿದರು.

ಇದಕ್ಕೆ ತದ್ವಿರುದ್ಧವಾದ ಆಟವೂ ಅದೇ ಕಾಲದಲ್ಲಿ ನಡೆದಿತ್ತು. ಜಾಲತಾಣಗಳ ಬಾಗಿಲಲ್ಲಿ ‘ನೀವು ಮನುಷ್ಯರೋ, ಯಂತ್ರವೋ?’ ಎಂದು ಕೇಳಿ, ಸೊಟ್ಟ ಅಕ್ಷರಗಳನ್ನು ತೋರಿಸಿ ಓದಿಸುತ್ತಿದ್ದ ಪರೀಕ್ಷೆಯನ್ನು ಹಲವರು ಬರೆದು ಬೇಸತ್ತಿರಬೇಕು. ಅಲ್ಲಿ ಅಕ್ಷರಕ್ಕೆ ವೇಷ ಹಾಕುತ್ತಿದ್ದವರು ಸಜ್ಜನರು, ಅದನ್ನು ಕಳಚಲು ಹೆಣಗುತ್ತಿದ್ದವರು ವಂಚಕರು. 2007ರಿಂದ ಆ ಪರೀಕ್ಷೆಗೆ ಹಳೆಯ ಪುಸ್ತಕ, ಪತ್ರಿಕೆಗಳಲ್ಲಿ ಯಂತ್ರ ಓದಲಾರದೆ ಬಿಟ್ಟ ಪದಗಳನ್ನೇ ಬಳಸಿದ್ದರಿಂದ, ಲೋಕದ ಜನರೆಲ್ಲ ತಮಗರಿವಿಲ್ಲದೆ ಯಂತ್ರಕ್ಕೆ ಓದು ಕಲಿಸಿದಂತಾಯಿತು. ಗುರುದಕ್ಷಿಣೆ ಯಾರಿಗೂ ಸಿಕ್ಕಲಿಲ್ಲ.

ಯಂತ್ರ ಓದು ಕಲಿಯುವುದೆಂದರೇನು? ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜ ಆರಿಸುವ ಹೆಂಗಸರನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಕರಿಬೀಜ ಯಾವುದು, ಒಡಕು ಯಾವುದು, ಹುಳು ತಿಂದದ್ದು ಯಾವುದು ಎಂದು ಹೊಸಬಳಿಗೆ ಯಾರೂ ಸೂತ್ರ ಬರೆದುಕೊಡುವುದಿಲ್ಲ. ಪಕ್ಕದಲ್ಲಿ ಕುಳಿತು ಸಾವಿರಾರು ಬೀಜಗಳನ್ನು ನೋಡುತ್ತಾಳೆ. ತಪ್ಪಿ ಆರಿಸಿದಾಗ ಹಿರಿಯಳು ತಿದ್ದುತ್ತಾಳೆ. ಕೆಲವು ವಾರಗಳಲ್ಲಿ ಬೆರಳುಗಳಿಗೇ ವಿವೇಕ ಬರುತ್ತದೆ. ಹೇಗೆ ಗುರುತಿಸಿದೆ ಎಂದು ಕೇಳಿದರೆ ನಕ್ಕುಬಿಡುತ್ತಾಳೆ. ಯಂತ್ರಕಲಿಕೆಯೂ ಅಷ್ಟೇ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದು ಒಂದೊಂದರ ಕಪ್ಪು ಬಿಳುಪನ್ನು ಸಂಖ್ಯೆಯಾಗಿಸಿ ಯಂತ್ರಕ್ಕೆ ಒಪ್ಪಿಸುತ್ತಾರೆ. ಅದು ಊಹಿಸುತ್ತದೆ, ತಪ್ಪಾದರೆ ತನ್ನೊಳಗಿನ ಸಾವಿರಾರು ತೂಕಗಳನ್ನು ತುಸು ತುಸುವೇ ಬದಲಿಸಿಕೊಳ್ಳುತ್ತದೆ. 1989ರಲ್ಲಿ ಯಾನ್ ಲೆಕುನ್ ಮತ್ತು ಅವರ ಸಂಗಡಿಗರು ಅಮೆರಿಕದ ಅಂಚೆ ಲಕೋಟೆಗಳ ಮೇಲಿನ ಕೈಬರಹದ ಅಂಕಿಗಳನ್ನು ಓದುವುದನ್ನು ಯಂತ್ರಕ್ಕೆ ಕಲಿಸಿದ್ದು ಹೀಗೆಯೇ.

ಈ ವಿದ್ಯೆಯನ್ನು ವೇಷಧಾರಿ ಬರಹವನ್ನು ಹಿಡಿಯಲು ಬಳಸುವ ಉಪಾಯ ಕೇಳಿದರೆ ಸರಳವೆನಿಸುತ್ತದೆ. ಬಂದ ಸಂದೇಶದ ಸಂಖ್ಯೆಗಳನ್ನು ನಂಬಬೇಡ. ಅದನ್ನು ಮೊಬೈಲಿನ ಪರದೆಯ ಮೇಲೆ ಮೂಡುವಂತೆಯೇ ಚಿತ್ರವಾಗಿ ಬರೆ. ಆ ಚಿತ್ರವನ್ನು ಮನುಷ್ಯನ ಹಾಗೆ ನೋಡಿ ಓದು. ಬಳಿಕ ನೋಡಿ ಓದಿದ್ದನ್ನೂ ಸಂಖ್ಯೆಗಳು ಹೇಳುವುದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸು. ಎರಡೂ ಒಂದೇ ಆದರೆ ಸರಿ. ಕಣ್ಣಿಗೆ ‘ಹಣ’ವೆಂದು ಕಾಣುವುದು ಸಂಖ್ಯೆಗಳಲ್ಲಿ ಹಣವಲ್ಲದಿದ್ದರೆ, ಆ ವ್ಯತ್ಯಾಸವೇ ಸಾಕ್ಷಿಯಾಗುತ್ತದೆ. ಕಳ್ಳ ಹಾಕಿಕೊಂಡ ಮುಖವಾಡವೇ ಅವನನ್ನು ತೋರಿಸಿಕೊಡುತ್ತದೆ. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಭಾಷಾಂತರ ಯಂತ್ರಕ್ಕೆ ಅಕ್ಷರಸಂಖ್ಯೆಗಳ ಬದಲು ಅಕ್ಷರಗಳ ಚಿತ್ರವನ್ನೇ ಉಣಿಸಿ, ಇಂಥ ವಿಕಾರಗಳಿಗೆ ಅದು ಸುಲಭವಾಗಿ ಮೋಸಹೋಗುವುದಿಲ್ಲವೆಂದು ತೋರಿಸಿದರು. ಚಿತ್ರ ಬರೆದು ಓದುವುದು ದುಬಾರಿಯ ಕೆಲಸ. 2023ರಲ್ಲಿ ಗೂಗಲ್ ಸಂಸ್ಥೆ ಬೇರೆ ದಾರಿ ಹಿಡಿಯಿತು: ಸೊಟ್ಟಾಗಿ ಬರೆದ ಪದವೂ ನೆಟ್ಟಗೆ ಬರೆದ ಪದವೂ ಯಂತ್ರದ ಲೆಕ್ಕದಲ್ಲಿ ಹತ್ತಿರ ಹತ್ತಿರವೇ ಬೀಳುವಂತೆ ಕಲಿಸಿದ ಪುಟ್ಟ ಸಾಧನವೊಂದನ್ನು ತನ್ನ ಅಂಚೆಯಲ್ಲಿ ಅಳವಡಿಸಿತು. ಅದರಿಂದ ಕಸದ ಓಲೆಗಳನ್ನು ಹಿಡಿಯುವ ಪ್ರಮಾಣ 38ರಷ್ಟು ಶೇಕಡ ಏರಿತೆಂದೂ, ಸಾಚಾ ಓಲೆಯನ್ನು ಕಸವೆಂದು ಎಸೆಯುವ ತಪ್ಪು 19.4ರಷ್ಟು ಶೇಕಡ ಇಳಿಯಿತೆಂದೂ ಸಂಸ್ಥೆ ಹೇಳಿಕೊಂಡಿದೆ.

ಮೋಸವನ್ನು ಹಿಡಿಯುವುದಕ್ಕಿಂತ ಆ ಎರಡನೆಯ ತಪ್ಪನ್ನು ತಡೆಯುವುದೇ ಕನ್ನಡದ ಮಟ್ಟಿಗೆ ಕಠಿಣವಾದ ಕೆಲಸ.

ಏಕೆಂದರೆ ಕನ್ನಡಿಗರು ಯಾವ ಕಪಟವೂ ಇಲ್ಲದೆ ವೇಷದ ಬರಹವನ್ನು ಬರೆಯುತ್ತ ಬಂದಿದ್ದಾರೆ. ಅನುಸ್ವಾರದ ಕೀಲಿ ಕೈಗೆ ಸಿಕ್ಕದೆ ಅಂಕಿಯ ಸೊನ್ನೆಯನ್ನು ಒತ್ತುವವರು ಗುಮಾಸ್ತರಲ್ಲೂ ಇದ್ದಾರೆ, ಪಂಡಿತರಲ್ಲೂ ಇದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಕಚೇರಿ, ಮುದ್ರಣಾಲಯಗಳಲ್ಲಿ ನಡೆದದ್ದಂತೂ ಸಾರಾಸಗಟಾದ ವೇಷಾಂತರ. ನುಡಿ, ಬರಹ, ಶ್ರೀಲಿಪಿ ಮುಂತಾದ ಹಳೆಯ ತಂತ್ರಾಂಶಗಳಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಅಕ್ಷರಚಿತ್ರಗಳನ್ನು ತೊಡಿಸಿದ್ದರು. ಪರದೆಯ ಮೇಲೆ ಕನ್ನಡ; ಯಂತ್ರದ ಹೊಟ್ಟೆಯಲ್ಲಿ ಅರ್ಥವಿಲ್ಲದ ರೋಮನ್ ಸಾಲು. ಅಕ್ಷರಚಿತ್ರಗಳ ಕಡತವಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಕನ್ನಡದ ಕಾದಂಬರಿ ಚೇಳು ಹರಿದಾಡಿದಂತೆ ಕಾಣುತ್ತಿತ್ತು. ಕನ್ನಡಕ್ಕೆ ಸರಿಯಾದ ತಂತ್ರಾಂಶ ಬೇಕೆಂದು ಹಟ ಹಿಡಿದವರಲ್ಲಿ ಇದೇ ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರೂ ಒಬ್ಬರು. 2007ರಲ್ಲಿ ಅವರು ತೀರಿಕೊಂಡರು. ಕಾಫಿ ಗಿಡಗಳ ನಡುವೆ ಹಕ್ಕಿಯ ಚಿತ್ರ ತೆಗೆಯುತ್ತಿದ್ದವರು ಅಕ್ಷರದ ಸಂಖ್ಯೆಯ ಬಗೆಗೆ ತಲೆ ಕೆಡಿಸಿಕೊಂಡದ್ದನ್ನು ಅಂದು ವಿಚಿತ್ರವೆಂದುಕೊಂಡವರಿದ್ದರೆ, ಅದರ ಬೆಲೆ ಇಂದು ಅವರಿಗೆ ತಿಳಿದೀತು.

ರೋಮನ್ ಅಕ್ಷರಗಳಲ್ಲಿ ಕನ್ನಡ ಬರೆಯುವ ರೂಢಿ ಇನ್ನೊಂದು. ಸಾಧಾರಣ ಮೊಬೈಲ್ ಸಂದೇಶವೊಂದರಲ್ಲಿ ರೋಮನ್ ಆದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡವಾದರೆ 70 ಮಾತ್ರ. ಕೊಂಬು, ದೀರ್ಘ, ಒತ್ತುಗಳೂ ಅದರಲ್ಲೇ ಲೆಕ್ಕ. ಜನ ಇಂಗ್ಲಿಷ್ ಅಕ್ಷರದ ಮೊರೆಹೊಕ್ಕದ್ದು ಬರಿಯ ಉದಾಸೀನದಿಂದಲ್ಲ. ಆದರೆ ‘ಖಾತೆ’ ಎಂಬುದನ್ನು ಒಬ್ಬರು ಒಂದು ‘ಎ’ ಹಾಕಿ ಬರೆದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಮಹಾಪ್ರಾಣಕ್ಕೆ ‘ಎಚ್’ ಇಡುವವರುಂಟು, ಇಡದವರುಂಟು. ವಂಚಕನು ಬೇಕೆಂದು ಮಾಡುವ ವಿಕಾರವನ್ನು ಇಲ್ಲಿ ಸೋದರಮಾವ ಅಕ್ಕರೆಯಿಂದ ಮಾಡಿರುತ್ತಾನೆ. ವಿಕಾರ ಕಂಡಲ್ಲೆಲ್ಲ ಮೋಸವೆಂದು ಕೂಗುವ ಜರಡಿ, ಮದುವೆಯ ಕರೆಯೋಲೆಯನ್ನೂ ಬೆಳೆಗಾರರ ಸಂಘದ ಸಭೆಯ ಸೂಚನೆಯನ್ನೂ ಕಸದ ಬುಟ್ಟಿಗೆ ಹಾಕೀತು. ಮೋಸದ ಒಂದು ಓಲೆ ಬಂದರೆ ಮನೆಯವರಿಗೆ ತಿಳಿಯುತ್ತದೆ. ಬರಬೇಕಾದ ಓಲೆ ಬಾರದೆ ಹೋದರೆ ತಿಳಿಯುವುದೇ ಇಲ್ಲ.

ಕನ್ನಡವನ್ನು ನೋಡಿ ಓದುವುದೂ ಯಂತ್ರಕ್ಕೆ ಸುಲಭವಲ್ಲ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಸೇರಿ 62 ಆಕಾರಗಳು. 2009ರಲ್ಲಿ ಬೆಂಗಳೂರಿನ ಬೀದಿಯ ಫಲಕಗಳ ಛಾಯಾಚಿತ್ರಗಳಿಂದ ಅಕ್ಷರಗಳನ್ನು ಆಯ್ದು ಯಂತ್ರಕ್ಕೆ ಕಲಿಸಹೊರಟವರು, ಕಾಗುಣಿತವನ್ನು ಲೆಕ್ಕಕ್ಕೆ ಹಿಡಿದು ಕನ್ನಡದಲ್ಲಿ ಆರುನೂರಕ್ಕೂ ಹೆಚ್ಚು ಆಕಾರಗಳನ್ನು ಎಣಿಸಬೇಕಾಯಿತು. ಒತ್ತಕ್ಷರಗಳ ರಾಶಿ ಬೇರೆ. 2019ರಲ್ಲಿ ವಿನಯ್ ಉದಯ್ ಪ್ರಭು ಎಂಬವರು ಕೈಬರಹದ ಕನ್ನಡ ಅಂಕಿಗಳನ್ನೇ ಸಂಗ್ರಹಿಸಿ, ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳ ಭಂಡಾರವನ್ನು ಲೋಕಕ್ಕೆ ಬಿಟ್ಟುಕೊಟ್ಟರು. ೩ಕ್ಕೂ ೭ಕ್ಕೂ, ೬ಕ್ಕೂ ೯ಕ್ಕೂ ಇರುವ ಹೋಲಿಕೆ ಎಂಥದೆಂಬುದು ಹಳೆಯ ಕಾಲದ ಶ್ಯಾನುಭೋಗರ ಲೆಕ್ಕವನ್ನು ಓದಲು ಕುಳಿತವರಿಗೆ ಗೊತ್ತು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಮತ್ತು ಎಚ್. ಆರ್. ಶಿವಕುಮಾರ್ ಅವರು ಮುದ್ರಿತ ಕನ್ನಡವನ್ನು ಓದುವ ‘ಲಿಪಿ ಜ್ಞಾನಿ’ಯನ್ನು ಕುರಿತು ಬರೆದರು.

ಮರೆಯಾದ ಅಕ್ಷರವನ್ನು ಹೊರತೆಗೆಯುವ ಕೆಲಸ ಈ ಸೀಮೆಗೆ ಹೊಸತೇನಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇಂದಿನ ಮೂಡಿಗೆರೆ ತಾಲೂಕಿನ ಅಂಗಡಿ. ಅಲ್ಲಿಯ ಶಾಸನಗಳೂ ಹಿಂದೆ ಅದೇ ತಾಲೂಕಿಗೆ ಸೇರಿದ್ದ ಕಳಸದ ಶಾಸನಗಳೂ 1901ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಕಡೂರು ಜಿಲ್ಲೆಯ ಸಂಪುಟದಲ್ಲಿ ಬೆಳಕು ಕಂಡವು. ವರ್ಷಕ್ಕೆ ನೂರಂಗುಲಕ್ಕೂ ಮಿಕ್ಕಿ ಮಳೆ ಸುರಿಯುವ ಕಡೆ, ಹಾವಸೆ ಹಿಡಿದ ಕಲ್ಲಿನಲ್ಲಿ ಅಕ್ಷರ ಉಳಿದಿರುವುದೇ ಆಶ್ಚರ್ಯ. ಶಾಸನಕಾರರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಕುಂಚದಿಂದ ತಟ್ಟಿ ಮಸಿ ಸವರಿ ಅಚ್ಚು ತೆಗೆಯುತ್ತಿದ್ದರು. ಸಂಜೆಯ ಓರೆ ಬಿಸಿಲು ಬೀಳುವವರೆಗೆ ಕಾದು ನೆರಳಿನಲ್ಲಿ ಗೆರೆಗಳನ್ನು ಹುಡುಕುತ್ತಿದ್ದರು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಬೆಳಕಿನ ಕಿರಣಗಳಿಂದ ಅಳೆದು ಕಲ್ಲಿನ ಮೇಲ್ಮೈಯನ್ನೇ ಗಣಕದೊಳಗೆ ಮೂಡಿಸುತ್ತ ಬಂದಿದೆ. ಅಲ್ಲಿ ಓರೆ ಬಿಸಿಲನ್ನು ಬೇಕಾದ ದಿಕ್ಕಿನಿಂದ ಬೀರಬಹುದು, ಸಂಜೆಗೆ ಕಾಯಬೇಕಿಲ್ಲ.

ಆದರೂ ಕಣ್ಣೊಂದರಿಂದಲೇ ಶಾಸನ ಓದಿದವರಿಲ್ಲ. ಮೊದಲು ‘ಸ್ವಸ್ತಿ’ ಬರುತ್ತದೆ, ನಡುವೆ ಅರಸನ ಬಿರುದುಗಳು, ಕೊನೆಗೆ ದಾನವನ್ನು ಅಳಿದವನಿಗೆ ಶಾಪ ಎಂಬ ಅರಿವಿನಿಂದ ಅಳಿದ ಅಕ್ಷರಗಳನ್ನು ಊಹಿಸುತ್ತಾರೆ. ಪ್ರಾಚೀನ ಗ್ರೀಕ್ ಶಾಸನಗಳ ಲುಪ್ತಾಕ್ಷರಗಳನ್ನು ತುಂಬುವುದಕ್ಕೆಂದು 2022ರಲ್ಲಿ ಸಿದ್ಧವಾದ ‘ಇಥಾಕಾ’ ಎಂಬ ಯಂತ್ರ ತಾನೊಂದೇ ಓದಿದಾಗ ಶೇಕಡ 62ರಷ್ಟು ಸರಿಯಾಗಿತ್ತು. ಇತಿಹಾಸಜ್ಞರು ತಾವಾಗಿಯೇ ಓದಿದಾಗ ಶೇಕಡ 25. ಇಬ್ಬರೂ ಕೂಡಿ ಓದಿದಾಗ ಶೇಕಡ 72. ವಂಚನೆಯ ಓಲೆಗೂ ಇದೇ ಕ್ರಮ ಸಲ್ಲುತ್ತದೆ. ಅದಕ್ಕೂ ಒಂದು ಕಟ್ಟುಪಾಡಿದೆ: ಮೊದಲು ಭಯ, ನಡುವೆ ಗಡುವು, ಕೊನೆಗೆ ಒಂದು ಕೊಂಡಿ. ಅಕ್ಷರದ ವೇಷವನ್ನು ಬದಲಿಸಬಹುದು, ಈ ಅನುಕ್ರಮವನ್ನು ಬದಲಿಸುವುದು ಕಷ್ಟ. ಚಿತ್ರವನ್ನು ನೋಡಿ ಓದುವ ಯಂತ್ರ, ಮಾತಿನ ಓಟವನ್ನು ಬಲ್ಲ ಯಂತ್ರ, ಇವೆರಡರ ತೀರ್ಪನ್ನು ಕೂಡಿಸಿದಾಗ ಸೋದರಮಾವನಿಗೂ ವಂಚಕನಿಗೂ ಇರುವ ಭೇದ ಕಾಣಿಸತೊಡಗುತ್ತದೆ.

ಇತ್ತ ಜಗಲಿಯಲ್ಲಿ ಯಜಮಾನರ ಹೆಬ್ಬೆರಳು ಇನ್ನೂ ಕೊಂಡಿಯನ್ನು ಮುಟ್ಟಿಲ್ಲ. ಸಂಕ್ರಾಂತಿಗೆಂದು ಬೆಂಗಳೂರಿನಿಂದ ಬಂದಿರುವ ಮೊಮ್ಮಗಳು ಕಾಫಿಯ ಲೋಟ ಹಿಡಿದು ಬಂದು, “ಅಜ್ಜಯ್ಯ, ತಡಿ, ಒಂದು ಚೂರು ಇಲ್ಲಿ ಕೊಡು” ಎಂದು ಮೊಬೈಲನ್ನು ಕೈಗೆ ತೆಗೆದುಕೊಳ್ಳುತ್ತಾಳೆ.

“ಅದ್ಯಾಕೆ ಪುಟ್ಟೀ, ಬ್ಯಾಂಕಿಂದ ಬಂದದ್ದು.”

“ಇರ್ಲಿ, ನೋಡಾಣ.”

ಸಂದೇಶಗಳನ್ನು ಹುಡುಕುವ ಜಾಗದಲ್ಲಿ ಅವಳು ತನ್ನ ಬೆರಳಿನಿಂದ ‘ಬ್ಯಾಂಕ್’ ಎಂದು ಬರೆಯುತ್ತಾಳೆ. ಮೊಬೈಲು ಹಳೆಯ ಸಂದೇಶಗಳನ್ನು ಒಂದೊಂದಾಗಿ ತೆರೆದಿಡುತ್ತದೆ: ಕಳೆದ ತಿಂಗಳು ಮೆಣಸಿನ ಹಣ ಜಮೆಯಾದದ್ದು, ಪಾಸ್ ಪುಸ್ತಕ ತರಲು ಹೇಳಿದ್ದು, ರಜೆಯ ಸೂಚನೆ. ಐದು ನಿಮಿಷದ ಹಿಂದೆ ಬಂದ, ಕಣ್ಣಿಗೆ ಎರಡು ಕಡೆ ‘ಬ್ಯಾಂಕ್’ ಎಂದು ಸ್ಪಷ್ಟವಾಗಿ ಕಾಣುವ ಸಂದೇಶ ಮಾತ್ರ ಆ ಪಟ್ಟಿಯಲ್ಲಿಲ್ಲ. ಯಜಮಾನರು ಕನ್ನಡಕವನ್ನು ಮತ್ತೊಮ್ಮೆ ಒರೆಸಿಕೊಂಡು ನೋಡುತ್ತಾರೆ. ಇದೊಂದೇ ಪೂರ್ತಿ ಪ್ರಮಾಣವಾಗದು. ಅಂಕಿಯ ಸೊನ್ನೆ ಒತ್ತುವ ಅಮಾಯಕ ಗುಮಾಸ್ತನೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಆದರೆ ಕೊಂಡಿ ಒತ್ತುವುದಕ್ಕೆ ಮುಂಚೆ ಒಂದು ಮಾತು ವಿಚಾರಿಸಲು ಅದು ಸಾಕಾದ ಕಾರಣ.

ಒತ್ತಿಯೇಬಿಟ್ಟು ಹಣ ಹೋದವರಿಗೆ 1930 ಎಂಬ ದೂರವಾಣಿ ಸಂಖ್ಯೆಯಿದೆ. ತಡಮಾಡದೆ ಕರೆದರೆ ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಯುವ ಅವಕಾಶವುಂಟು. ಯಜಮಾನರಿಗೆ ಅದರ ಅಗತ್ಯ ಬೀಳಲಿಲ್ಲ. ಅವರು ಪಾಸ್ ಪುಸ್ತಕದ ಹಿಂಬದಿಯಲ್ಲಿದ್ದ ಬ್ಯಾಂಕಿನ ಸಂಖ್ಯೆಯನ್ನು ಮೊಮ್ಮಗಳಿಗೆ ತೋರಿಸಿ, ಬೆಳಗ್ಗೆ ಕಚೇರಿ ತೆರೆಯುತ್ತಲೇ ಫೋನು ಮಾಡಿಕೊಡಬೇಕೆಂದು ಹೇಳಿ, ಬಟವಾಡೆಯ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು.